ಚಿಯಾಂಗ್ ಮಾಯ್‌ನ ಅರವತ್ತು ಸಾವಿರದ ಲೆಕ್ಕ

ಮೈಸೂರಿನ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: “ನಾನು ಸರ್ಕಾರಿ ನೌಕರಿಯಿಂದ ನಿವೃತ್ತ, ವಯಸ್ಸು 61. ಪತ್ನಿಗೆ 58. ಪಿಂಚಣಿ 82,000 ರೂಪಾಯಿ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಇನ್ನೂ 28,000 ಬಂದೀತು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ತಿಂಗಳಿಗೆ 60,000 ರೂಪಾಯಿಯಲ್ಲಿ ಆರಾಮವಾಗಿ ಬದುಕಬಹುದು ಎಂದು ಹಲವು ವಿಡಿಯೋಗಳಲ್ಲಿ ನೋಡಿದೆವು. ನಾವು ಸಸ್ಯಾಹಾರಿಗಳು, ಅಡುಗೆ ಮನೆಯಲ್ಲೇ. ಈ ಲೆಕ್ಕ ನಿಜವೇ? ನಾವು ಹೋಗಿ ನೆಲೆಸಬಹುದೇ?”

ಮಾನ್ಯರೇ,

ಲೆಕ್ಕ ಸುಳ್ಳಲ್ಲ, ಆದರೆ ಅದು ನಿಮ್ಮ ಲೆಕ್ಕವಲ್ಲ. ಒಬ್ಬಂಟಿ ಯುವಕ ಒಂದೇ ಕೋಣೆಯ ಸ್ಟುಡಿಯೋ ಹಿಡಿದು, ಬೀದಿಬದಿಯಲ್ಲಿ 50 ಬಾತ್‌ಗೆ (ಬಾತ್ ಅಲ್ಲಿನ ಹಣ) ಊಟ ಮಾಡಿ, ವಿಮೆ ಇಲ್ಲದೆ ಆರು ತಿಂಗಳು ಕಳೆದರೆ ಅಷ್ಟರಲ್ಲಿ ಆಗುತ್ತದೆ. ಅರವತ್ತು ದಾಟಿದ ದಂಪತಿ ವರ್ಷಪೂರ್ತಿ ಇರಲು ಹೊರಟರೆ ಆಗುವುದಿಲ್ಲ. ಚಿಯಾಂಗ್ ಮಾಯ್ ಅಗ್ಗ ಎನ್ನುವ ಮಾತು ಹುಟ್ಟಿದ್ದು ಡಾಲರ್, ಪೌಂಡ್, ಯೂರೋ ಪಿಂಚಣಿ ಪಡೆಯುವವರಿಂದ. ನಿಮಗೆ ಬರುವುದು ರೂಪಾಯಿ. 2015ರಲ್ಲಿ ಒಂದು ಬಾತ್‌ಗೆ ಸುಮಾರು 1.90 ರೂಪಾಯಿ ಇತ್ತು, 2025ರಲ್ಲಿ ಎರಡೂಮುಕ್ಕಾಲರ ಆಸುಪಾಸಿಗೆ ಬಂತು. 2015ರಲ್ಲಿ ಲಕ್ಷ ರೂಪಾಯಿ ಬದಲಿಸಿದರೆ 52,000 ಬಾತ್ ಕೈಗೆ ಬರುತ್ತಿತ್ತು, 2025ರ ದರದಲ್ಲಿ 36,000. ಅಲ್ಲಿನ ಬೆಲೆಗಳು ಏರದೇ ಇದ್ದರೂ ನಿಮ್ಮ ಹಣ ಮೂರರಲ್ಲಿ ಒಂದು ಪಾಲು ಕರಗಿದಂತೆ. ಮುಂದಿನ ಎಲ್ಲ ಲೆಕ್ಕವನ್ನೂ ಬಾತ್‌ಗೆ 2.75 ರೂಪಾಯಿ ಎಂದು ಹಿಡಿದು ಮಾಡಿದ್ದೇವೆ.

ಮೊದಲು ಮನೆ. ಹಳೆಯ ಊರು ಚೌಕಾಕಾರದ ಕಂದಕದೊಳಗಿದೆ. ಅದರ ವಾಯವ್ಯಕ್ಕೆ ಸಂತಿಥಾಮ್, ಪಶ್ಚಿಮಕ್ಕೆ ನಿಮ್ಮನ್, ದಕ್ಷಿಣಕ್ಕೆ ಊರಾಚೆ ಹಾಂಗ್ ಡಾಂಗ್. ನಿಮ್ಮನ್ ವಿದೇಶಿಯರ ನೆಚ್ಚಿನ ಬಡಾವಣೆ, ಅಲ್ಲಿ ಒಂದು ಬೆಡ್‌ರೂಮಿನ ಮನೆಗೆ 12,000ದಿಂದ 18,000 ಬಾತ್ ಕೇಳುತ್ತಾರೆ. ಹಾಂಗ್ ಡಾಂಗ್‌ನಲ್ಲಿ ಬಿಡಿ ಮನೆ, ಅಂಗಳ ಎಲ್ಲ ಸಿಗುತ್ತದೆ, ಆದರೆ ಸ್ವಂತ ವಾಹನವಿಲ್ಲದೆ ತರಕಾರಿಯನ್ನೂ ತರಲಾಗದು. ನಿಮಗೆ ಸಂತಿಥಾಮ್ ಸರಿ: ಅಡುಗೆಮನೆ ಇರುವ ಒಂದು ಬೆಡ್‌ರೂಮಿನ ಮನೆ 11,000 ಬಾತ್ ಸುಮಾರಿಗೆ ಸಿಗುತ್ತದೆ, ಸಂತೆ ನಡೆದು ಹೋಗುವಷ್ಟು ಹತ್ತಿರ. ಮುಂಗಡ ಎರಡು ತಿಂಗಳ ಬಾಡಿಗೆ, ಜೊತೆಗೆ ಮೊದಲ ತಿಂಗಳದ್ದು. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವರಿಗೆ ಇದು ದೊಡ್ಡ ಸಮಾಧಾನ.

ಬಾಡಿಗೆಗಿಂತ ಹೆಚ್ಚು ಜನ ಎಡವುವುದು ವಿದ್ಯುತ್ತಿನಲ್ಲಿ. ಅಲ್ಲಿ ‘ಕಾಂಡೋ’ ಬೇರೆ, ‘ಅಪಾರ್ಟ್‌ಮೆಂಟ್’ ಬೇರೆ. ಕಾಂಡೋದಲ್ಲಿ ಒಂದೊಂದು ಮನೆಗೂ ಒಬ್ಬೊಬ್ಬ ಮಾಲೀಕ. ಸರ್ಕಾರಿ ವಿದ್ಯುತ್ ಸಂಸ್ಥೆಯ ಬಿಲ್ ನೇರವಾಗಿ ಬರುತ್ತದೆ, ಯೂನಿಟ್‌ಗೆ ನಾಲ್ಕು ಬಾತ್ ಚಿಲ್ಲರೆ. ಅಪಾರ್ಟ್‌ಮೆಂಟ್ ಎಂದರೆ ಇಡೀ ಕಟ್ಟಡ ಒಬ್ಬನದು. ಅವನು ತನ್ನದೇ ಮೀಟರ್ ಇಟ್ಟು ಯೂನಿಟ್‌ಗೆ 7–8 ಬಾತ್ ವಸೂಲಿ ಮಾಡುವುದು ಸಾಮಾನ್ಯ. ಏಪ್ರಿಲ್ ಬಿಸಿಲಿನಲ್ಲಿ ರಾತ್ರಿಯಿಡೀ ಒಂದು ಎಸಿ ಓಡಿ ದಿನಕ್ಕೆ ಎಂಟು ಯೂನಿಟ್ ಉರಿದರೆ, ತಿಂಗಳಿಗೆ ಒಂದು ಕಡೆ ಸಾವಿರ ಬಾತ್, ಇನ್ನೊಂದು ಕಡೆ ಎರಡು ಸಾವಿರ. ಬಾಡಿಗೆ ಕಡಿಮೆ ಕಂಡರೆ ಮೊದಲು ಯೂನಿಟ್ ದರ ಕೇಳಿ, ಹಿಂದಿನ ತಿಂಗಳ ಬಿಲ್ ನೋಡಿ.

ಇನ್ನೆರಡು ವಿಷಯ ಕರಾರಿಗೆ ಮುನ್ನ ಕೇಳಲೇಬೇಕು. ಪಿಂಗ್ ನದಿ 2024ರ ಅಕ್ಟೋಬರ್‌ನಲ್ಲಿ ದಾಖಲೆ ಮಟ್ಟಕ್ಕೆ ಉಕ್ಕಿ ಚಾಂಗ್ ಖ್ಲಾನ್ ಮುಂತಾದ ನದಿಬದಿಯ ಬಡಾವಣೆಗಳಿಗೆ ನುಗ್ಗಿತ್ತು. ನೆಲಮಹಡಿಯ ಮನೆಯಾದರೆ ಆಗ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆ ಮಾಲೀಕರನ್ನಲ್ಲ, ಪಕ್ಕದ ಅಂಗಡಿಯವರನ್ನು ಕೇಳಿ. ಎರಡನೆಯದು ಟಿಎಂ 30: ವಿದೇಶಿಯರು ಬಂದ 24 ಗಂಟೆಯೊಳಗೆ ಮಾಲೀಕ ಇಮಿಗ್ರೇಶನ್‌ಗೆ ತಿಳಿಸಬೇಕಾದ ವರದಿ. ಅದನ್ನು ಸಲ್ಲಿಸದ ಮಾಲೀಕನ ಮನೆಯಲ್ಲಿದ್ದರೆ ಮುಂದೆ ವೀಸಾ ಕೆಲಸಗಳೆಲ್ಲ ಕೌಂಟರಿನಲ್ಲೇ ನಿಂತುಬಿಡುತ್ತವೆ.

ಅಡುಗೆಯ ಮಾತಿಗೆ ಬರೋಣ, ನಿಮ್ಮಂಥ ಮನೆಗೆ ಇದೇ ಮುಖ್ಯ. ಬಹಳಷ್ಟು ಕಾಂಡೋಗಳಲ್ಲಿ ಗ್ಯಾಸ್ ಸಿಲಿಂಡರ್ ಇಡಲು ಬಿಡುವುದಿಲ್ಲ, ಇಂಡಕ್ಷನ್ ಒಲೆಯೇ ಗತಿ. ಮನೆಯಲ್ಲಿರುವ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ. ಮಿಕ್ಸಿ ನಿಶ್ಚಿಂತೆಯಿಂದ ಒಯ್ಯಬಹುದು. ಅಲ್ಲಿಯ ವಿದ್ಯುತ್ತೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಗುಂಡುಪಿನ್ನಿನ ಪ್ಲಗ್ ಮಾತ್ರ ಅಲ್ಲಿಯ ಸಾಕೆಟ್‌ಗೆ ಕೂರದು, ಅಲ್ಲಿನ ಪ್ಲಗ್ ಹಾಕಿಸಿಕೊಳ್ಳಬೇಕು. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಇಲ್ಲದಿರುವುದು ಅಪರೂಪವಲ್ಲ, ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ.

ಅಕ್ಕಿಯಲ್ಲಿ ಹೊಸಬರು ಮೋಸಹೋಗುತ್ತಾರೆ. ಉತ್ತರ ಥಾಯ್ಲೆಂಡಿನ ಮನೆಮನೆಯ ಅನ್ನ ಅಂಟಕ್ಕಿಯದು. ಹೆಸರುವಾಸಿ ಮಲ್ಲಿಗೆ ಅಕ್ಕಿಯೂ ಮೆತ್ತಗಾಗಿ ಸಾರಿಗೆ ಕಲಸಿದರೆ ಮುದ್ದೆಯಾಗುತ್ತದೆ. ‘ಸಾವ್ ಹೈ’ ಎಂದು ಕೇಳಿ, ಅದರ ಅನ್ನ ಉದುರುದುರಾಗಿ ನಮ್ಮ ಊಟಕ್ಕೆ ಒಗ್ಗುತ್ತದೆ. ತೊಗರಿಬೇಳೆ ಭಾರತೀಯ ಅಂಗಡಿಗಳಲ್ಲಿ ಮಾತ್ರ, ಬೆಲೆಯೂ ಹೆಚ್ಚು. ಹೆಸರುಬೇಳೆಯಾದರೆ ಅಲ್ಲಿಯದೇ ಸರಕು, ‘ಥುವಾ ಥಾಂಗ್’ ಎಂಬ ಹೆಸರಿನಲ್ಲಿ ಎಲ್ಲ ಸಂತೆಯಲ್ಲೂ ಅಗ್ಗವಾಗಿ ಸಿಗುತ್ತದೆ. ವಾರಕ್ಕೆ ಐದು ದಿನ ಹೆಸರುಬೇಳೆ ಸಾರು, ಎರಡು ದಿನ ತೊಗರಿಬೇಳೆ ಹುಳಿ ಎಂದು ಒಗ್ಗಿಸಿಕೊಂಡರೆ ಖರ್ಚು ಹಿಡಿತದಲ್ಲಿರುತ್ತದೆ. ತೆಂಗಿನಕಾಯಿ, ಹುಣಸೆ, ಬದನೆ, ಅಲಸಂದೆ, ಬಾಳೆಹೂವು ಯಾವುದಕ್ಕೂ ಕೊರತೆಯಿಲ್ಲ. ಇಂಗು, ಸಾರಿನಪುಡಿ, ಚಿಕೋರಿ ನೀವೇ ಒಯ್ಯಬೇಕು. ಕಾಫಿಯ ವಿಷಯದಲ್ಲಿ ಚಿಂತೆ ಬೇಡ. ಅಫೀಮು ಬೆಳೆಯುತ್ತಿದ್ದ ಆ ಗುಡ್ಡಗಳಲ್ಲಿ ಈಗ ಒಳ್ಳೆಯ ಅರೇಬಿಕಾ ಬೆಳೆಯುತ್ತಾರೆ, ಸಣ್ಣಗೆ ಪುಡಿ ಮಾಡಿಸಿಕೊಂಡರೆ ಫಿಲ್ಟರಿಗೆ ಚೆನ್ನಾಗಿರುತ್ತದೆ.

ಕೈ ಕಚ್ಚುವುದು ಹಾಲು. ಲೀಟರಿಗೆ 50 ಬಾತ್ ಸುಮಾರು, ಅಂದರೆ ನಂದಿನಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಂಗಡಿಯ ಮೊಸರು ಬಹುಪಾಲು ಸಿಹಿ ಬೆರೆತದ್ದು. ಸಪ್ಪೆ ಮೊಸರಿನ ಒಂದು ಡಬ್ಬಿ ತಂದು, ಅದನ್ನೇ ಹೆಪ್ಪಾಗಿ ಬಳಸಿ ಮನೆಯಲ್ಲೇ ಮಾಡಿಕೊಳ್ಳುವುದು ಸುಲಭ. ದಿನಕ್ಕೊಂದು ಲೀಟರ್ ಹಾಲೆಂದರೆ ತಿಂಗಳಿಗೆ 1,500 ಬಾತ್. ಅದೂ ಸೇರಿ ದಿನಸಿ, ತರಕಾರಿ, ಹಣ್ಣಿಗೆ ಇಬ್ಬರಿಗೆ 8,000 ಬಾತ್ ಇಡಿ. ಹೊರಗೆ ಉಣ್ಣುವುದಾದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ‘ಜೇ’ ಅಂಗಡಿಗಳನ್ನು ಹುಡುಕಿ. ಅಲ್ಲಿ ಮಾಂಸ, ಮೊಟ್ಟೆ, ಮೀನಿನ ರಸ ಮಾತ್ರವಲ್ಲ, ಈರುಳ್ಳಿ–ಬೆಳ್ಳುಳ್ಳಿಯೂ ಇರುವುದಿಲ್ಲ, ಒಂದು ತಟ್ಟೆ ಊಟ 40–50 ಬಾತ್. ಬೇರೆ ಹೋಟೆಲಿನಲ್ಲಿ ‘ತರಕಾರಿ’ ಎಂದಷ್ಟೇ ಹೇಳಿದರೆ ಮೀನಿನ ರಸ ಬಿದ್ದೇ ಬೀಳುತ್ತದೆ. ‘ಮಾಯ್ ಸೈ ನಾಮ್ ಪ್ಲಾ’ ಎಂಬ ನಾಲ್ಕು ಪದ ಬಾಯಿಪಾಠ ಮಾಡಿಕೊಳ್ಳಿ.

ಓಡಾಟಕ್ಕೆ ಕೆಂಪು ಸೊಂಗ್‌ಥೇವ್ (ಹಿಂದೆ ಎರಡು ಸಾಲು ಬೆಂಚು ಹಾಕಿದ ಬಾಡಿಗೆ ವ್ಯಾನು) ಇವೆ, ಊರೊಳಗೆ ತಲೆಗೆ 30 ಬಾತ್. ಉಳಿದಂತೆ ಗ್ರಾಬ್, ಬೋಲ್ಟ್ ಎಂಬ ಆ್ಯಪ್ ಟ್ಯಾಕ್ಸಿಗಳು. ಸ್ಕೂಟರ್ ಬಾಡಿಗೆ ತಿಂಗಳಿಗೆ 3,000 ಬಾತ್ ಸುಮಾರಿಗೆ ಸಿಗುತ್ತದೆ, ರಸ್ತೆಯಲ್ಲಿ ನಮ್ಮಂತೆ ಎಡಬದಿಯ ಸಂಚಾರವೇ. ಆದರೂ ಈ ವಯಸ್ಸಿನಲ್ಲಿ ಬೇಡ ಎನ್ನುತ್ತೇವೆ. ದ್ವಿಚಕ್ರದ ಮಾನ್ಯ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯವರು ಕೈಯೆತ್ತುತ್ತಾರೆ, ಆಸ್ಪತ್ರೆಯ ಬಿಲ್ ಪೂರ್ತಿ ನಿಮ್ಮ ತಲೆಗೆ.

ವಿಡಿಯೋಗಳು ಬಿಟ್ಟುಬಿಡುವ ಖರ್ಚುಗಳು ಇಲ್ಲಿಂದ ಶುರು. ಫೆಬ್ರವರಿ ನಡುವಿನಿಂದ ಏಪ್ರಿಲ್‌ವರೆಗೆ ಊರು ಹೊಗೆಯಲ್ಲಿ ಮುಳುಗುತ್ತದೆ. ಜೋಳದ ಹೊಲಗಳಿಗೆ ಹಚ್ಚುವ ಬೆಂಕಿ, ಕಾಳ್ಗಿಚ್ಚು, ಗಡಿಯಾಚೆ ಮ್ಯಾನ್ಮಾರ್, ಲಾವೋಸ್‌ಗಳಿಂದ ಬರುವ ಹೊಗೆ, ಎಲ್ಲ ಬಂದು ಬೆಟ್ಟಗಳ ನಡುವಿನ ಕಣಿವೆಯಲ್ಲಿ ಕೂರುತ್ತವೆ. ಮೇಲಿನ ಬಿಸಿಗಾಳಿ ಮುಚ್ಚಳದಂತೆ ಅದನ್ನು ಮೇಲೇಳಗೊಡುವುದಿಲ್ಲ. ಪಿಎಂ 2.5 ಎಂಬ ಅತಿ ಸಣ್ಣ ದೂಳಿನಲ್ಲಿ ಜಗತ್ತಿನ ದೊಡ್ಡ ಊರುಗಳ ಪೈಕಿ ಅತಿ ಕೆಟ್ಟ ಸ್ಥಾನಕ್ಕೆ ಈ ಊರು ಆ ದಿನಗಳಲ್ಲಿ ಏರುವುದುಂಟು. ಸಣ್ಣ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಗಾಳಿ ಶುದ್ಧಕಕ್ಕೆ 4,000–8,000 ಬಾತ್, ಮಲಗುವ ಕೋಣೆಗಾದರೂ ಒಂದು ಬೇಕೇ ಬೇಕು. ಆಸ್ತಮಾ, ಹೃದಯದ ತೊಂದರೆ ಇರುವವರು ಊರನ್ನೇ ಬಿಡಬೇಕು. ಹಾಗೆ ಬಿಟ್ಟಾಗ ಖಾಲಿ ಮನೆಗೂ ಬಾಡಿಗೆ, ಹೋದ ಊರಿನಲ್ಲೂ ಬಾಡಿಗೆ. ವರ್ಷಕ್ಕೆ 20,000 ಬಾತ್ ಇದಕ್ಕೇ ಎತ್ತಿಡಿ.

ಆರೋಗ್ಯ ವಿಮೆಗೆ ನಿಮ್ಮ ವಯಸ್ಸಿನಲ್ಲಿ ತಲೆಗೆ ವರ್ಷಕ್ಕೆ 60,000 ಬಾತ್ ಎಂದರೂ ಅದು ಕೆಳಗಿನ ಅಂದಾಜು. ಈಗಾಗಲೇ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅವನ್ನು ಹೊರಗಿಟ್ಟೇ ಪಾಲಿಸಿ ಕೊಡುತ್ತಾರೆ. ನಿಮ್ಮ ಭಾರತದ ಪಾಲಿಸಿ ಅಲ್ಲಿ ಸಾಮಾನ್ಯವಾಗಿ ನಡೆಯದು. ಹಾಗೆಂದು ಅದನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ಹಳೆಯ ಕಾಯಿಲೆಗಳಿಗೆ ವಿಮೆ ಸಿಗಲು ಕಾಯಬೇಕಾದ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಈಗ ಕೂಡಿಸಿ ನೋಡಿ. ಬಾಡಿಗೆ 11,000, ವಿದ್ಯುತ್ತು–ನೀರು 1,650, ಇಂಟರ್ನೆಟ್–ಮೊಬೈಲ್ 1,100, ದಿನಸಿ 8,000, ಹೊರಗಿನ ಊಟ 3,000, ಓಡಾಟ 3,000, ಬಟ್ಟೆಬರೆ ಇತ್ಯಾದಿ 3,000: ಒಟ್ಟು 30,750 ಬಾತ್, ಸುಮಾರು 84,500 ರೂಪಾಯಿ. ಇದು ಕಣ್ಣಿಗೆ ಕಾಣುವ ಖರ್ಚು. ವಿಮೆಯ ಪಾಲು 10,000, ವೈದ್ಯರು–ಔಷಧಿ 2,000, ವೀಸಾ ಶುಲ್ಕ 500, ವರ್ಷಕ್ಕೊಮ್ಮೆ ಇಬ್ಬರೂ ಊರಿಗೆ ಬಂದುಹೋಗಲು 2,500, ಹೊಗೆಗಾಲಕ್ಕೆ 1,700 ಸೇರಿಸಿದರೆ 47,450 ಬಾತ್. ಅಂದರೆ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ. ನಿಮ್ಮ ಆದಾಯ ಒಂದು ಲಕ್ಷ ಹತ್ತು ಸಾವಿರ.

ವೀಸಾ ಇದರ ಮೇಲೆ ಇನ್ನೊಂದು ಹೊರೆ ಹೇರುತ್ತದೆ. ಐವತ್ತು ದಾಟಿದವರ ನಿವೃತ್ತಿ ವೀಸಾಕ್ಕೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು, ಇಲ್ಲವೇ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು. ನಿಮ್ಮ ಆದಾಯ ಮೊದಲನೆಯದಕ್ಕೆ ಸಾಲದು, ಉಳಿದದ್ದು ಠೇವಣಿ: 22 ಲಕ್ಷ ರೂಪಾಯಿ. ವೀಸಾ ವಿಸ್ತರಣೆಗೆ ಅರ್ಜಿ ಹಾಕುವ ಎರಡು ತಿಂಗಳ ಮೊದಲೇ ಅದು ಖಾತೆಯಲ್ಲಿರಬೇಕು, ಆಮೇಲೂ ಮೂರು ತಿಂಗಳು ಮುಟ್ಟುವಂತಿಲ್ಲ, ಉಳಿದ ದಿನಗಳಲ್ಲಿ 4 ಲಕ್ಷ ಬಾತ್‌ಗಿಂತ ಕೆಳಗಿಳಿಯಬಾರದು. ಅಲ್ಲಿನ ಉಳಿತಾಯ ಖಾತೆಯ ಬಡ್ಡಿ ಶೇ. 1ನ್ನೂ ಮುಟ್ಟುವುದಿಲ್ಲ. ಅದೇ ಹಣ ಇಲ್ಲಿ ಶೇ. 7ರಂತೆ ವರ್ಷಕ್ಕೆ 1.54 ಲಕ್ಷ ತರುತ್ತಿತ್ತು, ತಿಂಗಳಿಗೆ 12,800 ರೂಪಾಯಿ. ಇದನ್ನು ಯಾರೂ ಖರ್ಚಿನ ಪಟ್ಟಿಗೆ ಸೇರಿಸುವುದಿಲ್ಲ, ಆದರೆ ಹೋಗುವುದು ನಿಮ್ಮ ಜೇಬಿನಿಂದಲೇ.

ದಿನಗಣನೆಯಲ್ಲಿ ತಪ್ಪುವವರೂ ಬಹಳ. ನಿವೃತ್ತರು ಮೊದಲು ಪಡೆಯುವ 90 ದಿನದ ನಾನ್ ಇಮಿಗ್ರಂಟ್ ‘ಓ’ ವೀಸಾದಲ್ಲಿ ಇಳಿದು, ಮನೆ ಹಿಡಿದು, ವಿಳಾಸ ದೃಢೀಕರಣ ಪಡೆದು, ಬ್ಯಾಂಕ್ ಖಾತೆ ತೆರೆದು, ಹಣ ತರಿಸುವಷ್ಟರಲ್ಲಿ ನಾಲ್ಕು ವಾರ ದಾಟಿದರೆ ಎರಡು ತಿಂಗಳ ಷರತ್ತು ತುಂಬುವುದೇ ಇಲ್ಲ. ಹಣ ಕಳಿಸುವುದಕ್ಕೂ ಲೆಕ್ಕವಿದೆ. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ಹೊರಗೆ ಕಳಿಸಿದರೆ, ಮೀರಿದ ಮೊತ್ತದ ಮೇಲೆ ಬ್ಯಾಂಕ್ ಶೇ. 20 ಟಿಸಿಎಸ್ (ಮೊದಲೇ ವಸೂಲಾಗುವ ಆದಾಯ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸಿದ ಮೇಲಷ್ಟೇ ಅದು ವಾಪಸ್. ಒಂದೇ ಸಲ 22 ಲಕ್ಷ ಕಳಿಸಿದರೆ 2.4 ಲಕ್ಷ ಸಿಕ್ಕಿಬೀಳುತ್ತದೆ. ಮಾರ್ಚ್ ಕೊನೆಗೆ 10 ಲಕ್ಷ, ಏಪ್ರಿಲ್ ಮೊದಲಿಗೆ 12 ಲಕ್ಷ ಎಂದು ಒಡೆದರೆ ಹಿಡಿತ 40,000ಕ್ಕೆ ಇಳಿಯುತ್ತದೆ.

ಮನೆ ಬಾಡಿಗೆಯ 28,000ವನ್ನೂ ಪೂರ್ತಿ ನಂಬಬೇಡಿ. ನೀವು ಅನಿವಾಸಿಯಾದ ಮೇಲೆ ಬಾಡಿಗೆದಾರರು ಶೇ. 30ಕ್ಕಿಂತ ಹೆಚ್ಚು ತೆರಿಗೆ ಮುರಿದುಕೊಂಡೇ ಕೊಡಬೇಕು. ಇಲ್ಲಿನ ಉಳಿತಾಯ ಖಾತೆಗಳನ್ನು ಎನ್‌ಆರ್‌ಓ ಎಂಬ ಅನಿವಾಸಿಗಳ ಖಾತೆಗೆ ಬದಲಿಸಬೇಕು. ಥಾಯ್ಲೆಂಡಿನಲ್ಲಿ ವರ್ಷಕ್ಕೆ 180 ದಿನ ಇದ್ದವರು ಅಲ್ಲಿನ ತೆರಿಗೆ ನಿವಾಸಿಗಳು. 2024ರ ಜನವರಿಯಿಂದ ಈಚೆಗೆ ಗಳಿಸಿ ಅಲ್ಲಿಗೆ ತಂದ ಹೊರದೇಶದ ಆದಾಯವನ್ನೂ ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ.

ಆದ್ದರಿಂದ ನೆಲೆಸಲು ಹೋಗಬೇಡಿ. ಆದರೆ ಊರನ್ನೇ ಕೈಬಿಡಬೇಡಿ, ಅದು ನಿಜಕ್ಕೂ ಒಳ್ಳೆಯ ಊರು. ನವೆಂಬರ್‌ನಿಂದ ಜನವರಿವರೆಗೆ ಮೂರು ತಿಂಗಳು ಇದ್ದು ಬನ್ನಿ. ಪ್ರವಾಸಿ ವೀಸಾದಲ್ಲಿ 60 ದಿನ ಸಿಗುತ್ತದೆ, ಇಮಿಗ್ರೇಶನ್ ಕಚೇರಿಯಲ್ಲಿ ತಲೆಗೆ 1,900 ಬಾತ್ ಕಟ್ಟಿದರೆ ಇನ್ನೂ 30 ದಿನ. ಆಗ ಹೊಗೆಯಿಲ್ಲ, ಎಸಿ ಬೇಕಿಲ್ಲ, ಠೇವಣಿಯಿಲ್ಲ, ಮೈಸೂರಿನ ಮನೆಗೆ ಬಾಡಿಗೆದಾರರನ್ನು ಹುಡುಕುವ ಗೋಜಿಲ್ಲ. ಸೀಸನ್ ಆದ್ದರಿಂದ ಬಾಡಿಗೆಗೆ 13,000 ಹಿಡಿದರೂ ತಿಂಗಳಿಗೆ 32,500 ಬಾತ್ ಆಗುತ್ತದೆ. ವಿಮಾನ, ಪ್ರವಾಸ ವಿಮೆ, ವೀಸಾ ಸೇರಿ ಮೂರು ತಿಂಗಳಿಗೆ 3.75 ಲಕ್ಷ ರೂಪಾಯಿ. ಆ ಅವಧಿಯ ಪಿಂಚಣಿ 2.46 ಲಕ್ಷ, ಉಳಿದ 1.3 ಲಕ್ಷವನ್ನು ವರ್ಷವಿಡೀ ಕೂಡಿಡಬಹುದು. ಸೀಸನ್ನಿನ ಮನೆಗಳು ಅಕ್ಟೋಬರ್‌ನಲ್ಲೇ ಖಾಲಿಯಾಗುತ್ತವೆ. ಮೊದಲ ವಾರಕ್ಕೆ ಮಾತ್ರ ಹೋಟೆಲ್ ಹಿಡಿದು, ಸಂತಿಥಾಮ್‌ನ ಬೀದಿಗಳಲ್ಲಿ ನಡೆದು ಮನೆ ನೋಡಿ. ಫೋಟೋ ನೋಡಿ ಮುಂಗಡ ಕಳಿಸಬೇಡಿ.

ಮುಂದೊಂದು ದಿನ ನಿವೃತ್ತಿ ವೀಸಾದ ಯೋಚನೆ ಮತ್ತೆ ಬಂದರೆ, ಪತ್ನಿ ನಿಮ್ಮ ಅವಲಂಬಿತರಾಗಿ ಬರಲು ವಿವಾಹ ನೋಂದಣಿ ಪತ್ರ ಬೇಕು, ಅದೂ ವಿದೇಶಾಂಗ ಸಚಿವಾಲಯದ ದೃಢೀಕರಣದೊಂದಿಗೆ. ನಿಮ್ಮ ತಲೆಮಾರಿನ ಎಷ್ಟೋ ದಂಪತಿಗಳ ಬಳಿ ಲಗ್ನಪತ್ರಿಕೆ ಬಿಟ್ಟರೆ ಬೇರೆ ದಾಖಲೆಯಿಲ್ಲ. ಇಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಆಧಾರ್, ಪಾಸ್‌ಪೋರ್ಟ್, ಪಿಂಚಣಿ ಪುಸ್ತಕ ಮೂರರಲ್ಲೂ ಇಬ್ಬರ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ಎಂದು ಮೊದಲು ನೋಡಿಕೊಂಡು ಹೋಗಿ.

– ಸಂಪಾದಕ