ಪ್ರತಿಕಾಯ ಕಡಿಮೆ ಇರುವವರ ಸುಸ್ತಿಗೆ ಯಾವ ಅಡ್ರಿನಲ್ ಸಪ್ಲಿಮೆಂಟ್ ಒಳ್ಳೆಯದು?

ಐವಿಐಜಿ (ರಕ್ತನಾಳಕ್ಕೆ ಕೊಡೋ ಪ್ರತಿಕಾಯದ ಡ್ರಿಪ್) ಹಾಕಿಸಿಕೊಂಡರೂ ಹಾಸಿಗೆಯಿಂದ ಏಳೋಕಾಗಲ್ಲ ಅಂದಿರಲ್ಲ, ಮೂರು ವರ್ಷದ ಹಿಂದೆ ನಾನೂ ಹಾಗೇ ಇದ್ದೆ. ನನಗಿರೋದು ಸಿವಿಐಡಿ, ಅಂದ್ರೆ ದೇಹ ಸಾಕಷ್ಟು ಪ್ರತಿಕಾಯ ಮಾಡದ ಕಾಯಿಲೆ. ನಾಲ್ಕು ವಾರಕ್ಕೊಮ್ಮೆ ಡ್ರಿಪ್. ಜೊತೆಗೆ ಪ್ಲೇಟ್‌ಲೆಟ್ ಕುಸಿದು (ನಮ್ಮಂಥವರಲ್ಲಿ ಇದು ಆಗುತ್ತಿರುತ್ತೆ) ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಶುರುವಾಯ್ತು. ದಿನಕ್ಕೆ 40 ಮಿ.ಗ್ರಾಂ ಇದ್ದದ್ದು ಐದು ತಿಂಗಳಲ್ಲಿ 10ಕ್ಕೆ ಇಳೀತು.

ನಾನು ಕೆಟ್ಟದ್ದು ಅಲ್ಲೇ. ತಂಗಿ ಮದುವೆ ಹತ್ತಿರ ಬಂದಿತ್ತು, ನನ್ನ ಮುಖ ಬನ್ನಿನ ಹಾಗೆ ಊದಿತ್ತು. ಪ್ಲೇಟ್‌ಲೆಟ್ ಸರಿಹೋಗಿದೆಯಲ್ಲ, 10 ಏನು ಮಹಾ ಅಂತ ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ. ಆದರೆ ದೇಹ ದಿನಕ್ಕೆ ತಾನೇ ಮಾಡಿಕೊಳ್ಳೋ ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿಯ ಸ್ಟಿರಾಯ್ಡ್ ಹಾರ್ಮೋನ್) ಸುಮಾರು 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಅದರ ಎರಡರಷ್ಟು ಹೊರಗಿಂದ ತಿಂಗಳುಗಟ್ಟಲೆ ಬರ್ತಿದ್ರೆ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ (ಅಡ್ರಿನಲ್‌ಗೆ ಕೆಲಸ ಮಾಡು ಅನ್ನೋ ಹಾರ್ಮೋನ್) ಕಳಿಸೋದನ್ನೇ ಬಿಡುತ್ತೆ, ಕಿಡ್ನಿ ಮೇಲಿನ ಅಡ್ರಿನಲ್ ಸೊರಗುತ್ತೆ. ಮಾತ್ರೆ ನಿಲ್ಲಿಸಿದ ಮಾರನೇ ದಿನ ಎದ್ದು ಕೆಲಸಕ್ಕೆ ಬರಲ್ಲ ಅದು, ತಿಂಗಳುಗಳೇ ಬೇಕು. ಚೂರುಚೂರೇ ಇಳಿಸೋದು ಅದಕ್ಕೇ. ನಾನು ಚೂರೂ ಇಳಿಸಲಿಲ್ಲ, ಡಬ್ಬಿ ಬೀರುವಿಗೆ ಸೇರಿಸಿದೆ.

ಮದುವೆಯಾದ ಮೂರನೇ ದಿನ ಜ್ವರ, ವಾಂತಿ. ಬಚ್ಚಲಲ್ಲಿ ಚೊಂಬು ಎತ್ತೋಕೆ ಹೋಗಿ ಕುಸಿದೆ. ಬಿಪಿ 80/50, ಸೋಡಿಯಂ 122, ಎರಡೂ ತೀರಾ ಕಡಿಮೆ. ಐಜಿಜಿ ಅನ್ನೋ ಪ್ರತಿಕಾಯ ಕಡಿಮೆ ಇರೋನು ಅಂದಮೇಲೆ ಎಲ್ಲರಿಗೂ ಹೊಳೆದದ್ದು ಸೋಂಕು, ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್. ರಾತ್ರಿ ಪಾಳಿಯ ಡಾಕ್ಟರೊಬ್ಬರು ಮಾತ್ರ "ಇತ್ತೀಚೆಗೆ ಯಾವ ಮಾತ್ರೆ ಬಿಟ್ರಿ?" ಅಂತ ಕೇಳಿದರು. ಹೈಡ್ರೊಕಾರ್ಟಿಸೋನ್ (ಕಾರ್ಟಿಸೋಲಿನದೇ ಔಷಧ ರೂಪ) 100 ಮಿ.ಗ್ರಾಂ ಇಂಜೆಕ್ಷನ್ ಬಿತ್ತು. ಬೆಳಿಗ್ಗೆ ಅಮ್ಮನ ಹತ್ರ ಇಡ್ಲಿ ಕೇಳ್ತಿದ್ದೆ.

ಹಾಗಾಗಿ ಸಪ್ಲಿಮೆಂಟ್ ಬಿಟ್ಟುಬಿಡಿ. "ಅಡ್ರಿನಲ್ ಫಟೀಗ್" (ಅಡ್ರಿನಲ್ ದಣಿದಿದೆ) ಅನ್ನೋದನ್ನ ಹಾರ್ಮೋನ್ ಡಾಕ್ಟರುಗಳು ಕಾಯಿಲೆ ಅಂತಲೇ ಒಪ್ಪಲ್ಲ, ಅದು ಪುಡಿ ಮಾರೋರ ಮಾತು. ಬೆಳಿಗ್ಗೆ 8ಕ್ಕೆ ಕಾರ್ಟಿಸೋಲ್ ಟೆಸ್ಟ್ ಮಾಡಿಸಿ. ಹಿಂದೆ ಸ್ಟಿರಾಯ್ಡ್ ತಗೊಂಡಿದ್ರೆ, ಉಬ್ಬಸದ ಇನ್‌ಹೇಲರ್ ಆದರೂ ಸರಿ, ಡಾಕ್ಟರಿಗೆ ಹೇಳಿ. ತಗೊಂಡೇ ಇಲ್ಲದೆ ಕಾರ್ಟಿಸೋಲ್ ಕಡಿಮೆ ಬಂದರೆ ಎನ್ಎಫ್‌ಕೆಬಿ2 ಜೀನ್ ಬಗ್ಗೆ ಕೇಳಿ. ಅಪರೂಪ, ಆದರೆ ಪ್ರತಿಕಾಯ ಮತ್ತು ಎಸಿಟಿಎಚ್ ಎರಡೂ ಒಟ್ಟಿಗೆ ಕೈಕೊಡೋ ದೋಷ ಅದರಲ್ಲಿದೆ ಅಂತ 2013ರಿಂದ ಗೊತ್ತು.

ನನ್ನ ಪರ್ಸಿನಲ್ಲಿ ಈಗ ಆಧಾರ್ ಕಾರ್ಡಿಗಿಂತ ಮುಂದೆ ಒಂದು ಚೀಟಿ ಇರುತ್ತೆ: "ಸ್ಟಿರಾಯ್ಡ್ ಮೇಲಿದ್ದೇನೆ, ನಿಲ್ಲಿಸಬೇಡಿ."