ಪ್ರತಿಕ್ರಿಯೆ: ಕೆರೆ ನೀರಿನ ಡೈಕ್ಲೋಫಿನ್ಯಾಕ್, ಅಪಾಯದ ಅನುಪಾತ 2400 ಬಂದಿದ್ದೇಕೆ?

ಕೆರೆ ನೀರಿನಲ್ಲಿರುವ ಡೈಕ್ಲೋಫಿನ್ಯಾಕ್ (ನೋವು ನಿವಾರಕ ಔಷಧಿ) ಪ್ರಮಾಣವನ್ನು ಸುರಕ್ಷಿತ ಮಿತಿಯಿಂದ ಭಾಗಿಸಿದಾಗ ಬರುವ ಅಪಾಯದ ಅನುಪಾತ 2400 ಬಂದಿದ್ದೇಕೆ ಎಂದು ಕೇಳಿದ್ದೀರಿ. ಇದು ಬಹುತೇಕ ಯೂನಿಟ್ ತಪ್ಪು. ಲ್ಯಾಬ್ ವರದಿಯ 120 ಲೀಟರಿಗೆ ನ್ಯಾನೊಗ್ರಾಂನಲ್ಲಿ ಇರಬೇಕು. ನೀವು ತೆಗೆದುಕೊಂಡ ಸುರಕ್ಷಿತ ಮಿತಿ 0.05 ಇರುವುದು ಲೀಟರಿಗೆ ಮೈಕ್ರೋಗ್ರಾಂನಲ್ಲಿ. ನೇರವಾಗಿ ಭಾಗಿಸಿದರೆ 2400 ಬರುತ್ತೆ, ಅಲ್ವಾ? ನನಗೂ ಒಮ್ಮೆ ಹೀಗೇ ಆಗಿತ್ತು. ವರದಿಯಲ್ಲಿ ಕಾಲಂನ ತಲೆಬರಹ ನೋಡಿ ಖಚಿತ ಮಾಡಿಕೊಳ್ಳಿ.

1000 ನ್ಯಾನೊಗ್ರಾಂ ಅಂದರೆ 1 ಮೈಕ್ರೋಗ್ರಾಂ, ಹಾಗಾಗಿ ಮೊದಲು 120 ಅನ್ನು 1000ದಿಂದ ಭಾಗಿಸಿ. 0.12 ಆಗುತ್ತದೆ, ಅನುಪಾತ 2.4. ಆದರೂ ಸುಮ್ನೆ ಬಿಡಬೇಡಿ: 1 ದಾಟಿದರೆ ಜಲಜೀವಿಗಳಿಗೆ ಅಪಾಯ ಇರಬಹುದು ಎಂದರ್ಥ. ಈ ಔಷಧಿ ಮೀನಿನ ಕಿವಿರು, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ಆಮೇಲೆ ಆ 0.05 ಎಲ್ಲಿಂದ ಬಂತು ನೋಡಿ. ಬರೀ ಅಲ್ಪಾವಧಿ ಪರೀಕ್ಷೆಗಳಿದ್ದರೆ, ಪರೀಕ್ಷೆಯಲ್ಲಿ ಸಿಕ್ಕ ಪ್ರಮಾಣವನ್ನು ಸುರಕ್ಷತೆಗಾಗಿ ಸಾಮಾನ್ಯವಾಗಿ 1000ದಿಂದ ಭಾಗಿಸಿರುತ್ತಾರೆ. ಪಾಚಿ, ನೀರುಚಿಗಟ (ಡಾಫ್ನಿಯಾ ಎಂಬ ಪುಟ್ಟ ಜಲಜೀವಿ), ಮೀನು ಮೂರರ ಮೇಲೂ ದೀರ್ಘಾವಧಿ ಪರೀಕ್ಷೆ ಇದ್ದರೆ 10ರಿಂದ ಭಾಗಿಸಿದರೆ ಸಾಕು. ಫಲಿತಾಂಶವೇ ತಿರುಗಿಬಿಡುವುದು ಇಲ್ಲೇ ಜಾಸ್ತಿ.

ಒಂದೇ ಸ್ಯಾಂಪಲ್ ನಂಬಬೇಡಿ. ಮಳೆಗಾಲದಲ್ಲೊಂದು, ಬೇಸಿಗೆಯಲ್ಲೊಂದು ತೆಗೆಯಿರಿ.

ಮನುಷ್ಯರ ಲೆಕ್ಕ ಬೇರೆಯೇ ಮಾಡಿ. ದಿನಕ್ಕೆ 2 ಲೀಟರ್ ಕುಡಿದರೆ 0.24 ಮೈಕ್ರೋಗ್ರಾಂ, ಅಂದರೆ 50 ಮಿಲಿಗ್ರಾಂ ಮಾತ್ರೆಯ ಸುಮಾರು ಎರಡು ಲಕ್ಷದಲ್ಲಿ ಒಂದು ಪಾಲು. ಅದನ್ನು ದೇಹತೂಕದಿಂದ ಭಾಗಿಸಿ, ದಿನಕ್ಕೆ ಸೇವಿಸಬಹುದಾದ ಮಿತಿಯ ಜೊತೆ ಹೋಲಿಸಿ.