ಮಾತ್ರೆಯನ್ನೇ ನುಂಗದವರಲ್ಲಿ ಔಷಧಿಗೆ ಬಗ್ಗದ ಎಚ್‌ಐವಿ ಹೇಗೆ?

ತಮ್ಮನಿಗೆ ಈಗಷ್ಟೇ ಎಚ್‌ಐವಿ ಗೊತ್ತಾಗಿದೆ, ಇನ್ನೂ ಒಂದು ಮಾತ್ರೆಯನ್ನೂ ತಗೊಂಡಿಲ್ಲ, ಆದರೂ ಖಾಸಗಿ ಲ್ಯಾಬಿನ ರಿಪೋರ್ಟಿನಲ್ಲಿ ‘ಕೆ103ಎನ್’ (ಔಷಧಿಗೆ ಬಗ್ಗದಂತೆ ವೈರಸ್ಸಿನಲ್ಲಾದ ಒಂದು ಬದಲಾವಣೆ) ಅಂತ ಬಂದಿದೆ, ಇದು ಹೇಗೆ ಸಾಧ್ಯ ಅಂತ ಕೇಳಿದ್ದೀರಿ. ಸಾಧ್ಯ. ಔಷಧಿ ತಗೊಂಡು ಮಧ್ಯೆ ಬಿಟ್ಟವರ ಮೈಯಲ್ಲಿ ಬದಲಾದ ವೈರಸ್ಸೇ ಇನ್ನೊಬ್ಬರಿಗೆ ದಾಟುತ್ತದೆ. ಬಂದದ್ದೇ ಹಾಗೆ, ಅಷ್ಟೇ.

ಲ್ಯಾಬಿನಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು, ಅದರ ಪೋಲ್ ಜೀನನ್ನು (ಔಷಧಿಗಳು ತಡೆಯುವ ಕಿಣ್ವಗಳನ್ನು ಮಾಡಿಸುವ ಭಾಗ) ಅಕ್ಷರ ಅಕ್ಷರವಾಗಿ ಓದುತ್ತಾರೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನುವ ಕಿಣ್ವದ 103ನೇ ಜಾಗದಲ್ಲಿ ‘ಎಎಎ’ ಬದಲು ‘ಎಎಸಿ’ ಸಿಕ್ಕರೆ ಲೈಸಿನ್ ಅನ್ನುವ ಅಮೈನೊ ಆಮ್ಲ ಹೋಗಿ ಆಸ್ಪರಾಜಿನ್ ಬಂತು ಅಂತ ಅರ್ಥ. ಒಂದೇ ಅಕ್ಷರ ನೋಡಿ! ಅಷ್ಟಕ್ಕೇ ಎಫವಿರೆಂಜ್, ನೆವಿರಪಿನ್ ಅನ್ನುವ ಎಚ್‌ಐವಿ ಔಷಧಿಗಳು ಎರಡೂ ಕೈಕೊಡುತ್ತವೆ.

ಗಾಬರಿ ಬೇಡ. ಈಗ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಸಾಮಾನ್ಯವಾಗಿ ಶುರು ಮಾಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ. ಕೆ103ಎನ್ ಈ ಮೂರಕ್ಕೂ ಅಡ್ಡ ಬರುವುದಿಲ್ಲ.

ಇನ್ನೊಂದು ಮಾತು. ಜೀನ್ ಓದುವ ಸ್ಯಾಂಗರ್ ವಿಧಾನದಲ್ಲಿ, ಮೈಯಲ್ಲಿರುವ ವೈರಸ್ಸಿನಲ್ಲಿ ಶೇ 20ಕ್ಕಿಂತ ಕಡಿಮೆ ಇರುವ ರೂಪಾಂತರಗಳು ಕಾಣುವುದು ಕಷ್ಟ. ಕೆ103ಎನ್ ವರ್ಷಗಟ್ಟಲೆ ಉಳಿಯುತ್ತದೆ. ಲ್ಯಾಮಿವುಡಿನ್‌ಗೆ ಬಗ್ಗದ ಎಂ184ವಿ ಅನ್ನುವ ಬದಲಾವಣೆ ಮಾತ್ರ, ಔಷಧಿ ಇಲ್ಲದಿದ್ದರೆ ಬೇಗ ಮರೆಗೆ ಸರಿಯುತ್ತದೆ. ರಿಪೋರ್ಟಿನಲ್ಲಿ ಇಲ್ಲ ಅಂದಮಾತ್ರಕ್ಕೆ ಇಲ್ಲವೇ ಇಲ್ಲ ಅಂತಲ್ಲ. ಡೊಲುಟೆಗ್ರಾವಿರ್ ಬಗ್ಗೆ ತಿಳಿಯಬೇಕಾದರೆ ಅದು ತಡೆಯುವ ಇಂಟಿಗ್ರೇಸ್ ಕಿಣ್ವದ ಭಾಗವನ್ನೂ ಓದಿರಬೇಕು. ಎಷ್ಟೋ ರಿಪೋರ್ಟುಗಳಲ್ಲಿ ಅದು ಇರುವುದೇ ಇಲ್ಲ, ಒಮ್ಮೆ ನೋಡಿಕೊಳ್ಳಿ.

ಸುಮ್ನೆ ಇನ್ನೊಂದು ಟೆಸ್ಟಿಗೆ ಅಂತ ದಿನ ತಳ್ಳಬೇಡಿ. ಈ ರಿಪೋರ್ಟನ್ನು ಎಆರ್‌ಟಿ ಡಾಕ್ಟರಿಗೆ ತೋರಿಸಿ, ಮಾತ್ರೆ ಶುರು ಮಾಡಿಸಿ. ಆರು ತಿಂಗಳಿಗೆ ಮಾಡುವ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ) ಟೆಸ್ಟ್ ತಪ್ಪಿಸಬೇಡಿ, ಔಷಧಿ ಹಿಡಿದಿದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ.